ಇರಾನಿಗಾಗಿ ಮಳವಳ್ಳಿಯಲ್ಲಿ ಪ್ರಾರ್ಥನೆ

ಅಳುವುದಕ್ಕೆಂದೇ ಮೊಣಕಾಲೂರಿದರೂ ನಮ್ಮ ಮನೆಯಲ್ಲಿ ನಗು ಬರುವಂಥದ್ದು ಏನಾದರೂ ಆಗಿಯೇ ತೀರುತ್ತಿತ್ತು. ಎಪ್ಪತ್ತರ ದಶಕ. ನಾನಾಗ ಮಳವಳ್ಳಿಯಲ್ಲಿ ಮೇಷ್ಟ್ರು. ಊರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ನರ್ಸಾಗಿದ್ದ ನನ್ನ ತಂಗಿ ಇರಾನ್ ದೇಶದ ಒಂದು ಮಿಷನ್ ಆಸ್ಪತ್ರೆಗೆ ಸೇವೆಗೆಂದು ಹೋಗಿದ್ದಳು. ಅವಳಿಗಾಗಿ, ಅಲ್ಲಿನ ಸುವಾರ್ತೆಯ ಕೆಲಸಕ್ಕಾಗಿ ಶುಕ್ರವಾರ ಸಂಜೆ ನಮ್ಮ ನಡುಮನೆಯಲ್ಲಿ ಪ್ರಾರ್ಥನೆ. ವರ್ಷಗಳು ಕಳೆದರೂ “ಇಲ್ಲಿ ಒಬ್ಬರೂ ನಂಬಲಿಲ್ಲ ಅಣ್ಣಾ” ಎಂದೇ ಬರೆಯುತ್ತಿದ್ದಳು. ಆಮೇಲೆ ಆ ದೇಶದಲ್ಲಿ ಗಲಾಟೆ ಎದ್ದಿತು. ಕಾಗದವೂ ನಿಂತಿತು.

ಪಕ್ಕದ ಮನೆ ಗೌಡತಿ

ಒಂದು ಬೆಳಿಗ್ಗೆ ಪಕ್ಕದ ಮನೆ ಗೌಡತಿ ಚೊಂಬಿನ ತುಂಬ ಕಷಾಯ ಹಿಡಿದು ಬಂದರು.

“ಅಲ್ಲ ಕಣಮ್ಮ, ವಾರವಾರ ಅತ್ಗಂಡು ಬೇಡ್ಕತೀರಲ್ಲ, ಆ ಈರಣ್ಣಂಗೆ ಇನ್ನೂ ವಾಸಿ ಆಗ್ಲಿಲ್ವಾ?”

“ಯಾವ ಈರಣ್ಣ?” ಎಂದಳು ನನ್ನ ಹೆಂಡತಿ.

“ಅದೇ ಕಣಮ್ಮ, ‘ಈರಣ್ಣನ್ನ ಕಾಪಾಡು, ಈರಣ್ಣನ್ನ ಕಾಪಾಡು’ ಅಂತ ಕೂಗ್ತೀರಲ್ಲ!”

ಅದು ಈರಣ್ಣ ಅಲ್ಲ, ಇರಾನ್, ಒಂದು ದೇಶ ಅಂತ ಹೆಂಡತಿ ಬಿಡಿಸಿ ಹೇಳಿದಳು. ಗೌಡತಿ ಕಷಾಯ ಕೆಳಗಿಟ್ಟು ನಿಟ್ಟುಸಿರುಬಿಟ್ಟರು.

“ದೇಸಾನಾ? ಓಗ್ಲಿ ಬುಡಿ. ಈರಣ್ಣ ಒಬ್ನೇ ಆಗಿದ್ರೆ ನಮ್ಮ ಮಾರಮ್ಮಂಗೂ ಒಂದ್ ಮಾತು ಏಳ್ತಿದ್ದೆ. ಒಂದು ದೇಸ ಅಂದ್ರೆ ಅವಳ ಕೈಲೂ ಆಗಕಿಲ್ಲ.”

ಹಾಸಿಗೆ ಹೊಲಿಯುವ ಸಾಬರು

ಅಲ್ಲಿ ಗುಂಡು ಹಾರಿದ ಸುದ್ದಿ ಪೇಪರಿನಲ್ಲಿ ಬಂದ ದಿನ ನನಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಪೇಟೆಯಲ್ಲಿ ಹಾಸಿಗೆ ಹೊಲಿಯುವ ಸಾಬರ ಅಂಗಡಿಯಲ್ಲಿ ಕೂತೆ. ತಂಗಿಯನ್ನು ಚಿಕ್ಕಂದಿನಿಂದ ಬಲ್ಲವರು. ಅವಳು ಅಲ್ಲಿರುವುದನ್ನು ಹೇಳಿದೆ. ಯಾಕೆ ಹೋಗಿದ್ದಾಳೆ ಅನ್ನುವುದನ್ನು ನುಂಗಿಕೊಂಡೆ.

“ಗೊತ್ತು ಬುಡಿ ಮೇಷ್ಟ್ರೇ,” ಎಂದರು ಸಾಬರು, ಹತ್ತಿ ಕೊಡವುತ್ತ. “ನಮ್ಮೋರ್ನ ನಿಮ್ಮ ಕಡೆ ಎಳ್ಕೊಳಕ್ಕೆ ಓಗವ್ಳೆ. ಅದಿರ್ಲಿ, ಮೊದ್ಲು ಮಗಳು ಜೀವಂತ ಬರ್ಲಿ. ನಾನೂ ದುವಾ ಮಾಡ್ತೀನಿ.”

ನನಗೆ ತಲೆ ಎತ್ತಲಾಗಲಿಲ್ಲ. ಸಾಬರು ಬೆನ್ನು ತಟ್ಟಿದರು.

“ಆ ಸೀಮೇಲಿ ನಿಮ್ಮ ಅರ್ಜಿ ಮೂವ್ ಆಗಲ್ಲ ಮೇಷ್ಟ್ರೇ. ನಮ್ಮ ಕಡೆಯಿಂದ ಕೊಟ್ರೆ ಬಿರ್ರನೆ ಆಯ್ತದೆ.”

ಅಜ್ಜನ ಪ್ರಾರ್ಥನೆ

ಆಸ್ಪತ್ರೆ ಮುಚ್ಚಿತು. ತಂಗಿ ಬಂದಳು. ಮದ್ದೂರು ಸ್ಟೇಷನ್ನಿನಲ್ಲಿ ಇಳಿದವಳ ಕೈಯಲ್ಲಿ ಒಂದು ಬಟ್ಟೆಚೀಲ, ಅಷ್ಟೇ. ಮಳವಳ್ಳಿ ಬಸ್ಸಿನಲ್ಲಿ ಒಂದೇ ಮಾತು: “ಅಷ್ಟು ವರ್ಷ ಅಲ್ಲಿದ್ದು ಏನು ಮಾಡಿದೆ ಅಣ್ಣಾ ನಾನು?” ಮನೆಗೆ ಬಂದಮೇಲೆ ಅವಳು ಮಾತನ್ನೇ ಬಿಟ್ಟಳು.

ಶುಕ್ರವಾರ ಎಲ್ಲರೂ ಮೊಣಕಾಲೂರಿದೆವು. ನಮ್ಮ ಸಭೆಯ ಹಿರಿಯಜ್ಜನಿಗೆ ಕಿವಿ ಸರಿಯಾಗಿ ಕೇಳದು; ತಂಗಿ ಬಂದ ಸುದ್ದಿಯೂ ಅವರಿಗೆ ಮುಟ್ಟಿರಲಿಲ್ಲ. ತಡವಾಗಿ ಬಂದವರು, ಯಾರನ್ನೂ ನೋಡದೆ ಕಣ್ಣುಮುಚ್ಚಿ ಹಳೇ ವರಸೆಯಲ್ಲೇ ಶುರುಮಾಡಿದರು:

“ಕರ್ತನೇ, ನಮ್ಮ ಮಗಳನ್ನ ಆ ದೇಸದಲ್ಲೇ ಗಟ್ಟಿಯಾಗಿ ನಿಲ್ಲಿಸು! ಯಾರು ಎಳೆದ್ರೂ ಅಲ್ಲಿಂದ ಅಲುಗಾಡದಂಗೆ ಮಾಡು!”

ಅಭ್ಯಾಸಬಲದಿಂದ ಎಲ್ಲರ ನಾಲಗೆಯ ತುದಿಗೂ ಆಮೆನ್ ಬಂದಿತ್ತು.

“ಯಾರೂ ಆಮೆನ್ ಅನ್ನಬೇಡ್ರಪ್ಪಾ!” ಎಂದು ತಂಗಿ ಚೀರಿದಳು. “ಮತ್ತೆ ಹೋಗೋಕೆ ನನ್ನ ಕೈಲಾಗಲ್ಲ!”

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅವಳೂ ನಕ್ಕಳು, ನಗುತ್ತ ನಗುತ್ತಲೇ ಬಿಕ್ಕಿದಳು. ಗದ್ದಲಕ್ಕೆ ಅಜ್ಜ ಕಣ್ಣುಬಿಟ್ಟರು. ಎದುರಿಗೇ ಅವಳು. ಮೇಲೆ ಹೆಂಚಿನ ಕಡೆ ಮುಖವೆತ್ತಿ, ಎರಡೂ ಕೈ ಚೆಲ್ಲಿ ಅಂದರು:

“ಅಲ್ಲೇ ನಿಲ್ಸಪ್ಪಾ ಅಂದ್ರೆ ತಂದು ಇಲ್ಲಿ ಬುಟ್ಟಿದ್ದೀಯಲ್ಲೋ ಕರ್ತನೇ! ನಿಂಗೆ ನನಗಿಂತ ಕಿವುಡು!”