ಜಿಲ್ಲೆಯ ಹೊರಗಿನ ಕ್ವೇಸಾರು

ಆಕಾಶದ ಒಂದೇ ಚುಕ್ಕಿಯ ಬೆನ್ನು ಹತ್ತಿ ಆರು ವರ್ಷ ಕಳೆದರೆ, ನೆಲದ ಮೇಲಿನವರು ತಿಂಗಳಿಗೊಮ್ಮೆಯಾದರೂ ನಗಿಸದೆ ಬಿಡುವುದಿಲ್ಲ. ನಾನು ಆಂಧ್ರದ ಗಡಿಯ ಆದೋನಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ತವರು ಅಲ್ಲೇ ಹತ್ತಿರದ ಪೆದ್ದಹರಿವಾಣಂ. ಕೆಲಸ ಮಾಡುತ್ತಲೇ ಪಿಎಚ್.ಡಿ.ಗೆ ಸೇರಿದೆ. ವಿಷಯ, ಬಹಳ ದೂರದ ಒಂದು ಕ್ವೇಸಾರು.

ಕ್ವೇಸಾರು ಅಂದರೆ ದೂರದ ಗ್ಯಾಲಕ್ಸಿಯೊಂದರ ನಡುಮಧ್ಯ. ಅಲ್ಲಿ ದೊಡ್ಡದೊಂದು ಕಪ್ಪುಕುಳಿ ಕೂತು ಸುತ್ತಲಿನ ಅನಿಲವನ್ನೆಲ್ಲ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಒಳಗೆ ಬೀಳುವ ಮುಂಚೆ ಆ ಅನಿಲ ಕಾದು ಕಾದು ಇಡೀ ಗ್ಯಾಲಕ್ಸಿಯನ್ನು ಮೀರಿ ಬೆಳಗುತ್ತದೆ. ಇಂಥ ಕೆಲವು ಕ್ವೇಸಾರುಗಳು ಬೆಳಕಿನ ಜೊತೆ ರೇಡಿಯೋ ಅಲೆಗಳನ್ನೂ ವಿಪರೀತ ಚೆಲ್ಲುತ್ತವೆ. ಇಂಗ್ಲಿಷಿನಲ್ಲಿ ಅವಕ್ಕೆ ‘ರೇಡಿಯೋ ಲೌಡ್’ ಅನ್ನುತ್ತಾರೆ. ನನ್ನದು ಆ ಗಲಾಟೆ ಜಾತಿಯದು.

ಆಸ್ತಿ ವಿವರ

ಮೊದಲ ಸಲ ದೂರದರ್ಶಕ ಇರುವ ಕಡೆ ಹೋಗಬೇಕಾದಾಗ ಕಾಲೇಜಿಗೆ ರಜೆ ಅರ್ಜಿ ಕೊಟ್ಟೆ. ದೂರದ ರೇಡಿಯೋ ಲೌಡ್ ಕ್ವೇಸಾರಿನ ‘ಪ್ರಾಪರ್ಟೀಸ್’ ಅಧ್ಯಯನಕ್ಕೆ ಹತ್ತು ದಿನ ರಜೆ ಬೇಕು ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ಮಧ್ಯಾಹ್ನ ಆಫೀಸಿನ ಹಿರಿಯ ಗುಮಾಸ್ತರು ಕರೆಸಿದರು. ಮನುಷ್ಯ ಒಳ್ಳೆಯವರು, ಆದರೆ ನಿಯಮದ ಪುಸ್ತಕ ಬಿಟ್ಟು ಅತ್ತಿತ್ತ ನೋಡುವವರಲ್ಲ.

“ಕೂರ್ಚೋಂಡಿ ಮೇಡಂ,” ಅಂತ ತೆಲುಗಿನಲ್ಲಿ ಕೂಡಿಸಿ ಕನ್ನಡಕ್ಕೆ ಹೊರಳಿದರು. “ನೌಕರಿಯಾಗ ಇರೋರು ಆಸ್ತಿ ಮಾಡಿದ್ರ ಮೊದಲ ಪರ್ಮಿಷನ್ ತಗೋಬೇಕ್ರಿ.”

“ಯಾವ ಆಸ್ತಿ ಸರ್?”

“ನೀವ ಬರ್ದೀರಲ್ಲ, ಪ್ರಾಪರ್ಟೀಸ್ ಅಂತ. ಅದೂ ಒಂದಲ್ಲ. ಮ್ಯಾಲೆ ಕ್ವಾರ್ಟರ್ಸ್ ಬ್ಯಾರೆ ಐತಿ.”

“ಕ್ವಾರ್ಟರ್ಸ್ ಅಲ್ರಿ, ಕ್ವೇಸಾರ್. ಆಕಾಶದಾಗ ನಕ್ಷತ್ರದಂಗ ಕಾಣಸ್ತೈತಿ. ಪ್ರಾಪರ್ಟೀಸ್ ಅಂದ್ರ ಅದರ ಗುಣ.”

“ಗುಣ ಆಮ್ಯಾಲೆ ನೋಡೋಣ. ಎಷ್ಟು ದೂರ ಐತಿ?”

“ಅಲ್ಲಿಂದ ಬೆಳಕು ಬರಾಕ ಸಾವಿರ ಕೋಟಿ ವರ್ಷ ಹಿಡೀತೈತಿ.”

ಅವರು ಪೆನ್ನು ತೆಗೆದರು. “ಅಂದ್ರ ಆದೋನಿಯಾಗ ಇಲ್ಲ.”

“ಇಲ್ರಿ.”

“ಯಾರ ಹೆಸರಿನಾಗ ಐತಿ?”

“ಯಾರ ಹೆಸರಿನಾಗೂ ಇಲ್ಲ. ಅದಕ್ಕ ಒಂದು ನಂಬರ್ ಐತಿ ಅಷ್ಟ.”

“ಸರ್ವೆ ನಂಬರ್ರಾ?”

ಇಲ್ಲಿ ನಾನು ಎಡವಿದೆ. ಆಕಾಶದ ಸರ್ವೆ ಮಾಡಿದವರೇ ಅದಕ್ಕೆ ನಂಬರು ಕೊಟ್ಟಿದ್ದು ನಿಜ. ಹೌದು ಅಂದುಬಿಟ್ಟೆ. ಅವರಿಗೆ ಸಮಾಧಾನವಾಯಿತು. ರಜೆ ಸಿಕ್ಕಿತು. ಬಹಳ ದಿನದ ಮೇಲೆ ಬೇರೆ ಯಾವುದಕ್ಕೋ ನನ್ನ ಫೈಲು ತೆಗೆಸಿ ನೋಡಿದರೆ ಅದರಲ್ಲಿ ಆಸ್ತಿ ವಿವರದ ಹಾಳೆಯೊಂದಿತ್ತು. ನಂಬರು ಸರಿಯಾಗಿ ಬರೆದಿದ್ದರು. ‘ಆಸ್ತಿ ಇರುವ ಸ್ಥಳ’ ಎಂಬಲ್ಲಿ ಅವರದೇ ದುಂಡು ಅಕ್ಷರ: ಜಿಲ್ಲೆಯ ಹೊರಗೆ.

ತಾತನ ರೇಡಿಯೋ

ನಾನು ರೇಡಿಯೋ ಅಲೆಗಳ ಮೇಲೆ ಓದುತ್ತಿದ್ದೇನೆ ಎಂಬ ಸುದ್ದಿ ಪೆದ್ದಹರಿವಾಣಂ ತಲುಪುವ ಹೊತ್ತಿಗೆ ಅದರಿಂದ ‘ಅಲೆ’ ಉದುರಿಹೋಗಿ ರೇಡಿಯೋ ಮಾತ್ರ ಉಳಿದಿತ್ತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಓಣಿಯ ತಾತ, ಹತ್ತಿ ಬೆಳೆಯುವವರು, ಟವೆಲ್ಲಿನಲ್ಲಿ ರೇಡಿಯೋ ಸುತ್ತಿಕೊಂಡು ಮನೆಗೆ ಬಂದರು. ಕೂಸನ್ನು ಮಲಗಿಸುವಂತೆ ಅದನ್ನು ಕಟ್ಟೆಯ ಮೇಲಿಟ್ಟರು.

“ಇದು ಮಾತಾಡವಲ್ದವ್ವಾ.”

“ತಾತ, ನಾನು ರೇಡಿಯೋ ರಿಪೇರಿ ಮಾಡಾಕಿ ಅಲ್ಲ. ನಾನು ಓದೋದು ಆಕಾಶದಾಗಿಂದು.”

“ಗೊತ್ತೈತಿ. ನಿಮ್ಮವ್ವ ಹೇಳಿದ್ಳು, ಅದು ಸಾವಿರ ಕೋಟಿ ವರ್ಷದ ದಾರಿಯಿಂದ ನಿನಗ ಕೇಳಸ್ತೈತಂತ.”

“ಹೂಂ.”

“ಬಳ್ಳಾರಿ ಎಷ್ಟು ದೂರ? ಅಲ್ಲಿಂದ ಬರೋ ಹಾಡು ಇದರಾಗ ಕೇಳಸವಲ್ದು. ನಿನಗ ಅದು ಸಿಗತೈತಿ, ಇದು ಸಿಗಂಗಿಲ್ಲ ಅಂದ್ರ ಯಾರು ನಂಬಬೇಕು?”

ರೇಡಿಯೋ ಹಿಂದೆ ತಿರುಗಿಸಿ ಸೆಲ್ ತೆಗೆದೆ. ಒಳಗಿನ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು. ಅವ್ವನ ಹತ್ತಿರ ಚಾಕು ಇಸಕೊಂಡು ಕೆರೆದೆ, ಸೆಲ್ ಹಾಕಿದೆ. ರೇಡಿಯೋ ಒಮ್ಮೆ ಗೊರಗೊರ ಅಂದು ಹಾಡತೊಡಗಿತು. ತಾತ ಕಣ್ಣು ಮುಚ್ಚಿ ಒಂದು ಚರಣ ಪೂರಾ ಕೇಳಿದರು. ಆಮೇಲೆ ಟವೆಲ್ ಕೊಡವಿ ಎದ್ದು, ನನ್ನ ತಲೆಯ ಮೇಲೆ ಕೈಯಿಟ್ಟು ಅವ್ವನ ಕಡೆ ತಿರುಗಿದರು.

“ಇಷ್ಟು ವರ್ಷ ಓದಿಸಿದ್ದು ದಂಡ ಆಗಲಿಲ್ಲ ಬಿಡಮ್ಮಾ.”

ಹಾಲಹರವಿಯ ದಾರಿ

ಹಾಲಹರವಿ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ದಿನಕ್ಕೆ ಮಾತಾಡಲು ಕರೆದಿದ್ದರು. ಹತ್ತು ಗಂಟೆಗೆ ಕಾರ್ಯಕ್ರಮ. ಆದೋನಿ ಬಿಟ್ಟ ಬಸ್ಸು ದಾರಿಯಲ್ಲಿ ಕೆಟ್ಟಿತು. ಇನ್ನೊಂದಕ್ಕೆ ಕಾದು, ಅದರಿಂದ ಇಳಿದು ಆಟೋ ಹಿಡಿದು ತಲುಪಿದಾಗ ಹನ್ನೆರಡು ಹೊಡೆದಿತ್ತು. ಮಕ್ಕಳು ಪಾಪ ಬಿಸಿಲಲ್ಲಿ ಕೂತೇ ಇದ್ದವು.

ಬಂದವಳೇ ಬಸ್ಸು ಕೆಟ್ಟಿದ್ದು ಹೇಳಿ ಕ್ಷಮೆ ಕೇಳಿ, ಬೆಳಕಿನ ವೇಗದ ಬಗ್ಗೆ ಮಾತಾಡಿದೆ. ಕ್ವೇಸಾರಿನ ಬೆಳಕು ಹೊರಟಾಗ ನಮ್ಮ ಭೂಮಿಯೇ ಹುಟ್ಟಿರಲಿಲ್ಲ, ಎಲ್ಲಿಯೂ ನಿಲ್ಲದೆ ಓಡಿ ಓಡಿ ಈಗ ಬಂದು ಮುಟ್ಟಿದೆ ಅಂದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮೇಡಂ, ಅದು ಅಷ್ಟು ದೂರದಿಂದ ದಾರಿಯಾಗ ಎಲ್ಲೂ ನಿಲ್ಲದ ಹೆಂಗ ಬರತೈತಿ?”

ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಾಸ್ತರರು ಕುರ್ಚಿಯಿಂದಲೇ ಹೇಳಿದರು: “ಅದು ಬಸ್ಸಿನಾಗ ಬರಂಗಿಲ್ಲಮ್ಮಾ, ಕೂಡು.”

ಫೋಟೋ

ಪತ್ತಿಕೊಂಡದಿಂದ ನನಗೊಂದು ಸಂಬಂಧ ಬಂತು. ಗಂಡಿಗೆ ಕೃಷಿ ಇಲಾಖೆಯಲ್ಲಿ ನೌಕರಿ. ಸಂಬಂಧ ತಂದ ದೂರದ ಮಾವ ಮೊದಲು ಫೋಟೋ ಕಳಿಸಿದ್ದ. ಫೋಟೋದಲ್ಲಿ ಹಣೆ ಕಾಣದಷ್ಟು ದಟ್ಟ ಕೂದಲು. ಅವ್ವ ಅದನ್ನು ಓಣಿಗೆಲ್ಲ ತೋರಿಸಿ ಬಂದಳು.

ನೋಡಲು ಬಂದ ದಿನ ಒಳಗೆ ಬಂದವರು ಮೂರು ಜನ: ಮಾವ, ಒಬ್ಬ ಹೆಂಗಸು, ತಲೆಯ ಮುಂಭಾಗವೆಲ್ಲ ನುಣ್ಣಗಾದ ಒಬ್ಬರು. ಅವ್ವ ಎಲ್ಲರಿಗೂ ನೀರು ಕೊಟ್ಟು, ಆ ನುಣ್ಣಗಿನವರನ್ನು ಗೌರವದಿಂದ ಕೇಳಿದಳು, “ಹುಡುಗ ಹಿಂದಿನ ಬಸ್ಸಿಗೆ ಬರ್ತಾನೇನ್ರಿ?”

ಮಾವ ಕೆಮ್ಮಿದ. “ಇವನೇ ಹುಡುಗ ಅಕ್ಕಾ.”

ಅವ್ವ ಚೊಂಬು ಹಿಡಿದು ಹಾಗೇ ನಿಂತಳು. ಸಂಬಂಧ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಮಾತು ಬದಲಿಸಲು ಆ ಹೆಂಗಸು, ಗಂಡಿನ ಅಕ್ಕ, ನನ್ನ ಓದಿನ ಬಗ್ಗೆ ಕೇಳಿದರು. ಕ್ವೇಸಾರಿನ ಬಗ್ಗೆ ಹೇಳಿದೆ.

“ಅದು ಈಗ ಹೆಂಗೈತಿ?” ಅಂದರು ಅಕ್ಕ.

“ಗೊತ್ತಿಲ್ರಿ. ನಮಗ ಕಾಣೋದು ಅದು ಹಿಂದ ಯಾವಾಗೋ ಇದ್ದ ರೂಪ. ಈಗ ಆರಿಹೋಗಿದ್ರೂ ಹೋಗಿರಬಹುದು. ಬೆಳಕು ಬಂದು ಮುಟ್ಟೋತನಕ ತಿಳಿಯಂಗಿಲ್ಲ.”

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಗಂಡು ಅವ್ವನ ಕಡೆ ನೋಡಿ ಮೆಲ್ಲಗೆ ಹೇಳಿದರು: “ಅಮ್ಮಾ, ನಂದೂ ಅಷ್ಟರಿ. ಆ ಫೋಟೋದ ಬೆಳಕು ಹೊಂಟು ಹನ್ನೆರಡು ವರ್ಷ ಆತು.”

ನನಗೆ ನಗು ತಡೆಯಲಾಗಲಿಲ್ಲ. ಅವ್ವನೂ ಸೆರಗು ಬಾಯಿಗೆ ಹಿಡಿದು ಅಡಿಗೆಮನೆ ಸೇರಿದಳು. ಆರು ವರ್ಷದಲ್ಲಿ ನನ್ನ ವಿಷಯ ಒಂದೇ ಸಲಕ್ಕೆ ತಿಳಿದುಕೊಂಡ ಮೊದಲ ಮನುಷ್ಯ ಇವರು. ಮದುವೆಗೆ ಒಪ್ಪದೆ ಇನ್ನೇನು ಮಾಡಲಿ?

ಕೊನೆಯ ಪರೀಕ್ಷೆ

ಪ್ರಬಂಧ ಒಪ್ಪಿಸಿದ ಮೇಲೆ ಮೌಖಿಕ ಪರೀಕ್ಷೆ ಉಳಿದಿತ್ತು. ಆನ್‌ಲೈನಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಆ ವಾರ ತವರಿನಲ್ಲಿದ್ದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುವುದು ಪಡಸಾಲೆಯ ಕಿಟಕಿಯ ಹತ್ತಿರ ಮಾತ್ರ. ಅಲ್ಲಿ ಲ್ಯಾಪ್‌ಟಾಪ್ ಇಟ್ಟು, ಮಿಕ್ಸಿ ಹಾಕಬೇಡ, ಯಾರನ್ನೂ ಕರೆಯಬೇಡ ಎಂದು ಅವ್ವನಿಗೆ ಹತ್ತು ಸಲ ಹೇಳಿದ್ದೆ.

ಹಿಂದಿನ ದಿನವೆಲ್ಲ ಉತ್ತರಗಳನ್ನು ಅವ್ವನಿಗೇ ಒಪ್ಪಿಸಿದ್ದೆ. ಅವಳು ಓದಿದ್ದು ಐದನೆಯವರೆಗೆ. ಆದರೂ ಶೇಂಗಾ ಬಿಡಿಸುತ್ತ, ತಿಳಿಯದ ಕಡೆಯೆಲ್ಲ ನಿಲ್ಲಿಸಿ ಕೇಳುತ್ತಿದ್ದಳು. ಕ್ವೇಸಾರಿನ ಆ ಬೆಳಗುವ ನಡುಭಾಗ ಬಹಳ ಸಣ್ಣದು ಎಂದಾಗ, “ಅಷ್ಟು ದೂರದ್ದು ಸಣ್ಣದು ಅಂತ ಹೆಂಗ ಅಳದ್ರಿ?” ಅಂದಳು. ಅದರ ಹೊಳಪು ತಿಂಗಳೊಳಗೆ ಏರಿ ಇಳಿಯುತ್ತದೆ, ದೊಡ್ಡದಾಗಿದ್ದರೆ ಈ ತುದಿಯ ಸುದ್ದಿ ಆ ತುದಿಗೆ ಮುಟ್ಟುವುದಕ್ಕೇ ವರ್ಷಗಟ್ಟಲೆ ಬೇಕಾಗುತ್ತಿತ್ತು, ಎಲ್ಲವೂ ಕೂಡಿ ಅಷ್ಟು ಬೇಗ ಏರಿಳಿಯಲು ಆಗುತ್ತಿರಲಿಲ್ಲ ಎಂದೆ. ಅವ್ವ ಸ್ವಲ್ಪ ಯೋಚಿಸಿ ಹೂಂ ಅಂದಿದ್ದಳು.

ಪರೀಕ್ಷೆ ಶುರುವಾಯಿತು. ಪರದೆಯ ಮೇಲೆ ನನ್ನ ಮಾರ್ಗದರ್ಶಕರು, ಮತ್ತಿಬ್ಬರು, ಜೊತೆಗೆ ಉತ್ತರದ ಯಾವುದೋ ಊರಿನಿಂದ ಕೂತ ಬಾಹ್ಯ ಪರೀಕ್ಷಕರು. ದಪ್ಪ ಕನ್ನಡಕ, ನಗು ಇಲ್ಲ, ಇಂಗ್ಲಿಷ್ ಬಿಟ್ಟು ಇನ್ನೊಂದು ಮಾತಿಲ್ಲ. ಅರ್ಧ ಗಂಟೆ ಹೇಗೋ ದಾಟಿತು. ಆಮೇಲೆ ಅವರು ಕೇಳಿದರು: ಆ ಭಾಗ ಸಣ್ಣದು ಎಂದು ಬರೆದಿದ್ದೀರಿ, ಟೇಪು ಹಿಡಿದು ಯಾರೂ ಅಳೆದಿಲ್ಲ, ನಿಮಗೆ ಹೇಗೆ ಗೊತ್ತು?

ಹಿಂದಿನ ದಿನ ಒಪ್ಪಿಸಿದ್ದ ಪ್ರಶ್ನೆಯೇ. ಆದರೆ ಅವರ ಮುಖ ನೋಡಿದ್ದೇ ನನ್ನ ತಲೆ ಖಾಲಿಯಾಯಿತು. ಆರು ವರ್ಷದ ಕೆಲಸ ಕಿಟಕಿಯಿಂದ ಹಾರಿಹೋಗುವುದು ಕಣ್ಣಿಗೆ ಕಂಡಂತಾಯಿತು. ಮಾರ್ಗದರ್ಶಕರು ಹಣೆ ಉಜ್ಜಿಕೊಂಡರು. ಪರೀಕ್ಷಕರು ಪೆನ್ನಿಗೆ ಕೈ ಹಾಕಿದರು.

ಆಗ ಬಾಗಿಲ ಹಿಂದಿನಿಂದ, ಪಿಸುಮಾತು ಎಂದು ತಾನಷ್ಟೇ ತಿಳಿದುಕೊಂಡ ದನಿಯಲ್ಲಿ, ಅವ್ವ ಅಂದಳು: “ಹೇಳವ್ವಾ, ಚಾ ಆತು ಅಂತ ಒಮ್ಮೆ ಕೂಗಿದ್ರ ಎಲ್ಲರೂ ಕೂಡೇ ಬಂದ್ರು ಅಂದ್ರ ಮನಿ ಸಣ್ಣದು ಅಂತ ಹೇಳು.”

ಮೈಕ್ ಬಂದ್ ಮಾಡಲು ಕೈ ಚಾಚಿದೆ. ಅಷ್ಟರಲ್ಲಿ ಮಾತು ಹೋಗಿಯಾಗಿತ್ತು. ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಥೇಟ್ ನಮ್ಮ ಬಳ್ಳಾರಿ ಸೀಮೆಯ ಮಾತಿನಲ್ಲಿ ಕೇಳಿದರು:

“ಒಳಗ ಯಾರಮ್ಮಾ ಅದಾರ?”

“ನಮ್ಮವ್ವ ರೀ.”

“ಅವರ ಉತ್ತರ ಸರಿ ಐತಿ. ಅದನ್ನ ನೀವು ಇಂಗ್ಲಿಷಿನಾಗ ಹೇಳ್ರಿ. ನಾನು ಬರ್ಕೋಬೇಕು.”

ಸೂತ್ರ, ಲೆಕ್ಕ, ನಕ್ಷೆ ಎಲ್ಲ ತಾನಾಗಿ ಬಾಯಿಗೆ ಬಂತು. ಅವರು ತಲೆ ಆಡಿಸಿ ಮುಂದಿನದಕ್ಕೆ ಹೋದರು. ಕ್ವೇಸಾರಿನ ನಡುವಿನಿಂದ ಚಿಮ್ಮುವ ಬಿಸಿ ಅನಿಲದ ಧಾರೆ ನೇರ ನಮ್ಮ ಕಡೆಗೇ ಬರುತ್ತಿದ್ದರೆ ಈ ಲೆಕ್ಕ ಏನಾಗುತ್ತದೆ ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಬೆರಳೆತ್ತಿದರು.

“ಅಮ್ಮಾ, ಇದನ್ನ ಹೇಳಿಕೊಡಬ್ಯಾಡ್ರಿ.”

ಬಾಗಿಲ ಹಿಂದಿನಿಂದ ಉತ್ತರ ಬಂತು: “ಇಲ್ರಿ, ಅಲ್ಲೀತನಕ ನನಗ ಬರಂಗಿಲ್ಲ.”

ಆ ಉತ್ತರ ನಾನೇ ಹೇಳಿದೆ. ಕಾಲು ಗಂಟೆಯ ಮೇಲೆ, ತೇರ್ಗಡೆ ಎಂದು ಘೋಷಿಸಿದರು. ನಾನು ಲ್ಯಾಪ್‌ಟಾಪ್ ಮುಚ್ಚಿ ಅಳುತ್ತ ನಗುತ್ತ ಅಲ್ಲೇ ಕೂತಿದ್ದೆ. ಅವ್ವ ಆಗಲೇ ಹೊರಗಿನ ಕಟ್ಟೆಗೆ ಹೋಗಿದ್ದಳು. ಪಕ್ಕದ ಮನೆಯವರು ಮಗಳು ಪಾಸಾದಳೇ ಎಂದು ಕೇಳಿದ್ದು ಕಿವಿಗೆ ಬಿತ್ತು.

“ಆದ್ಳು,” ಅಂದಳು ಅವ್ವ. “ನನಗ ಒಂದ ಪ್ರಶ್ನಿ ಬಂತು. ಉಳಿದದ್ದೆಲ್ಲ ಆಕೀಗೇ ಕೇಳಿದ್ರು.”