ಕೆನ್ನೆಯ ಕೆಂಪು ಗೆರೆಗೆ ಮನೆಯ ಲೇಸರ್

ತಮ್ಮನ ಮದುವೆಗೆ ಕಲರ್ ಫೋಟೋದವರು ಬರುತ್ತಾರೆಂಬ ಸುದ್ದಿ ಕೇಳುವವರೆಗೂ ನನ್ನ ಮುಖ ಚೆನ್ನಾಗಿಯೇ ಇತ್ತು. ಅಂದು ಕನ್ನಡಿ ನೋಡಿಕೊಂಡೆ. ಎರಡೂ ಕೆನ್ನೆಗಳ ಮೇಲೆ ಕೆಂಪು ದಾರದಂಥ ನರಗಳು! ಕಪ್ಪು-ಬಿಳುಪು ಫೋಟೋಗಳಲ್ಲಿ ಭಗವಂತ ಇಷ್ಟು ವರ್ಷ ಅವನ್ನು ಮುಚ್ಚಿಟ್ಟು ಕಾಪಾಡಿದ್ದ. ಈಗ ನಾನು ಮದುಮಗನ ಒಬ್ಬಳೇ ಅಕ್ಕ. ಕಳಸ ಹಿಡಿದು ಎಲ್ಲರ ಮುಂದೆ ನಿಲ್ಲಬೇಕಾದವಳು. ಬಣ್ಣದಲ್ಲಿ!

ಯಜಮಾನರನ್ನು ಕರೆದುಕೊಂಡು ಬೆಟಗೇರಿಯ ಡಾಕ್ಟರ ಬಳಿಗೆ ಹೋದೆ.

"ಇದು ರೋಗ ಅಲ್ರಿ, ಅಕ್ಕಾರ. ಸಣ್ಣ ರಕ್ತನಾಳ ಹಿಗ್ಯಾವ, ಅಷ್ಟ. ಪರದೇಶದಾಗ ಲೇಸರ್ ಅಂತ ಬೆಳಕು ಬಿಟ್ಟು ಸುಡ್ತಾರಂತ. ಹಸಿರು ಬೆಳಕಿಂದು ಹಳೇದು, ಸುಟ್ಟ ಕಲಿ ಉಳಿಯೂ ಹೆದರಿಕಿ. ಹಳದಿ ಬೆಳಕಿಂದು ಹೊಸಾದು, ಕಲಿ ಕಡಿಮಿ. ಆದ್ರ ಕೆಲವು ದಿನ ಮಾರಿ ನೀಲಿಗಟ್ಟತೈತಿ."

ಟಾಂಗಾದಲ್ಲಿ ಮನೆ ಮುಟ್ಟುವವರೆಗೂ ಸೀರೆ ಆರಿಸುವಂತೆ ಎರಡನ್ನೂ ಕೂಲಂಕಷವಾಗಿ ತೂಗಿ ನೋಡಿದೆ.

"ರೀ, ಹಳದೀದ ಛಲೋ ಅನಸತೈತಿ."

"ಹೌದು, ತಮ್ಮನ ಮದವ್ಯಾಗ ಬದನಿಕಾಯಿಗತೆ ಕಾಣತಿ! ಈ ಟಾಂಗಾ ಪರದೇಶಕ್ಕ ಹೋಗೂದಿಲ್ಲ, ಸುಮ್ಮನ ಕುಂಡ್ರು."

ಆದರೆ ಹಳದಿ ತಲೆಯಿಂದ ಇಳಿಯಲಿಲ್ಲ. ಹಳದಿಗಾಗಿ ಪರದೇಶವೇಕೆ? ಅಡುಗೆಮನೆಯಲ್ಲಿ ಅರಿಶಿನದ ಡಬ್ಬಿ ತುಂಬಿದೆ!

ಮದುವೆಯ ದಿನ ಬೀಗರ ಊರಾದ ಶಿರಹಟ್ಟಿಯಲ್ಲಿ ಬೆಳಗ್ಗೆಯೇ ಕೆಲಸ ಶುರುವಾಯಿತು. ಅರಿಶಿನ ಒಂದು ಸಲ ಹಚ್ಚಿದೆ, ಗೆರೆ ಇಣುಕಿತು. ಮತ್ತೆ ಹಚ್ಚಿದೆ. ಕೆನ್ನೆ ಮಾತ್ರ ತೇಪೆಯಂತೆ ಕಂಡಿದ್ದರಿಂದ ಹಣೆ, ಕಿವಿ, ಕುತ್ತಿಗೆಗೂ ವಿಸ್ತರಿಸಿದೆ. ಕಣ್ಣಿಗೂ ಬಿತ್ತು, ಉಜ್ಜಿಕೊಂಡೆ. ಒಂದು ಗೆರೆಯೂ ಕಾಣಲಿಲ್ಲ. ದೇವರಿಗೆ ಕೈಮುಗಿದು ಕಳಸ ಎತ್ತಿಕೊಂಡೆ.

ಬೀಗರ ಪೈಕಿಯ ಮುದುಕಿಯೊಬ್ಬಳು ನನ್ನ ಬೆರಳು ಹಿಡಿದು ನೋಡಿದಳು. ಕಣ್ಣಿನ ರೆಪ್ಪೆ ಎಳೆದು ನೋಡಿದಳು.

"ಯವ್ವಾ! ಈಕಿಗೆ ಕಾಮಣಿ ಆಗೇತಿ! ಉಗುರ ನೋಡ್ರಿ, ಕಣ್ಣ ನೋಡ್ರಿ!"

"ಅರಿಷಿಣರೀ, ಅತ್ತಿ!"

"ಕಾಮಣಿ ಆದವ್ರು ಹಂಗ ಅಂತಾರ. ಮದ್ಲ ಆ ಕಳಸ ಇಸಗೋರಿ! ಯಾರರೆ ಜಲ್ದಿ ಒಲಿಯಾಗ ಕಬ್ಬಿಣ ಇಡ್ರಿ!"

ಕಾಮಣಿಗೆ, ಅಂದರೆ ಕಾಮಾಲೆಗೆ, ಮುಂಗೈ ಮೇಲೆ ಬರೆ ಎಳೆಯುವುದು ನಮ್ಮ ಕಡೆಯ ಮದ್ದು. ಹಸಿರು, ಹಳದಿ ಎರಡನ್ನೂ ತೂಗಿದ್ದ ನನಗೆ ಮೂರನೆಯದೂ ಸಿದ್ಧವಾಯಿತು: ಕಾದ ಕಬ್ಬಿಣದ ಕೆಂಪು! ಯಜಮಾನರತ್ತ ನೋಡಿದೆ.

"ಹೋಗ್ಲಿ ಬಿಡು," ಎಂದರು, "ಯಾವುದರೆ ಒಂದು ಲೇಸರ್ ಆತು."

ಕಳಸ ಆಗಲೇ ಬೇರೆಯವರ ಕೈಯಲ್ಲಿತ್ತು. ನೀರಿನ ಹಂಡೆಯತ್ತ ಓಡಿದೆ. ಕಡಲೆಹಿಟ್ಟು ಹಾಕಿ ಚರ್ಮ ಸುಲಿಯುವಂತೆ ಉಜ್ಜಿದೆ. ಅರಿಶಿನ ಹೋಯಿತು. ಗೆರೆಗಳೂ ಹೋದವು, ಏಕೆಂದರೆ ಮುಖವೆಲ್ಲ ಒಂದೇ ಕೆಂಪು!

ಮುದುಕಿ ಮತ್ತೆ ರೆಪ್ಪೆ ಎಳೆದು ನೋಡಿದಳು. "ಖರೆ, ಕಾಮಣಿ ಇಲ್ಲ. ಮತ್ತ ಮಾರಿ ಯಾಕವ್ವಾ ಇಷ್ಟು ಕೆಂಪ?"

"ನಾಚಿಕಿರೀ," ಎಂದೆ.

ಅಕ್ಷತೆಯ ಹೊತ್ತಿಗೆ ಕಳಸ ನನ್ನ ಕೈಗೆ ಮರಳಿತು. ಭಗವಂತನ ದಯೆ. ಫೋಟೋದವನು ಕ್ಲಿಕ್ಕಿಸಿದ.

ಆಲ್ಬಂ ಬಂದಾಗ ಉಸಿರು ಹಿಡಿದು ತೆರೆದೆ. ಮದುಮಕ್ಕಳಿದ್ದಾರೆ, ಮುದುಕಿ ಇದ್ದಾಳೆ, ಯಜಮಾನರು ನಗುತ್ತಿದ್ದಾರೆ. ನನ್ನದು ಮಾತ್ರ ಅಂಚಿನಲ್ಲಿ ಒಂದು ಮೊಣಕೈ.

ಸಣ್ಣ ಉಪಕಾರವನ್ನೂ ಮರೆಯಬಾರದು: ಮೊಣಕೈ ಮೇಲೆ ಒಂದೇ ಒಂದು ಕೆಂಪು ಗೆರೆ ಇಲ್ಲ!