ಭಾವನ ಬೈಕಿನ ಎಡಗಡೆ

ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ಎಂಜಿನ್ನಿನ ಸದ್ದು ಕೇಳಿಯೇ ಅದರ ಜಾತಕ ಹೇಳುತ್ತಾರೆ. ಹಾಗೆಂದು ಅವರೇ ಹೇಳುತ್ತಾರೆ. ಅವರು ಬಿಚ್ಚಿ ಮತ್ತೆ ಜೋಡಿಸಿದ ಬೈಕುಗಳಲ್ಲಿ ಒಂದೆರಡು ನಟ್ಟು ಉಳಿಯದೇ ಹೋದದ್ದನ್ನು ನಾನಂತೂ ಕಂಡಿಲ್ಲ!

ಈಗ ಅವರ ಕೈಗೆ ಸಿಕ್ಕಿಬಿದ್ದಿದ್ದು ಅವರದೇ ಹಳೇ ಬೈಕು. ಎರಡು ಸಿಲಿಂಡರು, ಒಂದೊಂದಕ್ಕೂ ಒಂದೊಂದು ಕಾರ್ಬುರೇಟರು. ಎರಡೂ ಸಮನಾಗಿ ಗಾಳಿ, ಪೆಟ್ರೋಲು ಎಳೆಯಬೇಕು. ಒಂದು ಹೆಚ್ಚು, ಒಂದು ಕಡಿಮೆ ಎಳೆದರೆ ಬೈಕು ಕೆಮ್ಮುತ್ತದೆ, ನಡುಗುತ್ತದೆ, ಸಿದ್ದಾಪುರದ ಭಾವ ಶಿರಸಿಯ ನನಗೆ ಫೋನು ಮಾಡುತ್ತಾರೆ. ಪ್ರತಿ ಭಾನುವಾರ! ವಾರವಿಡೀ ಕಾಲೇಜಿನಲ್ಲಿ ಅರಚಿ ಸುಸ್ತಾದವನಿಗೆ ಒಂದು ದಿನ ಮಲಗುವ ಹಕ್ಕೂ ಇಲ್ಲವೇ?

“ಎಂಜಿನ್ನು ರಾಶಿ ಗಲಾಟೆ ಮಾಡ್ತಾ ಇದ್ದು ಮಾರಾಯ. ನಿನ್ನ ಅಕ್ಕ ಹಿಂದೆ ಕೂತ್ಕಂಡು ಹೇಳಿದ್ದು ಒಂದೂ ಕೇಳ್ತಿಲ್ಲೆ. ಬಾರಾ.”

ವಿಷಯ ಸಣ್ಣದಲ್ಲ. ಮದುವೆಯಾದಾಗಿನಿಂದ ಇಬ್ಬರೂ ತಿರುಗಿದ್ದೆಲ್ಲ ಈ ಬೈಕಿನ ಮೇಲೆ. ಯಲ್ಲಾಪುರ ಮುಟ್ಟುವವರೆಗೂ ಅವರ ಹರಟೆ ಮುಗಿಯುತ್ತಿರಲಿಲ್ಲ. ಈಗ ಅಕ್ಕ ಏನು ಕೇಳಿದರೂ ಭಾವನಿಂದ ಉತ್ತರವಿಲ್ಲ. “ಗೋಡೆ ಹತ್ರ ಮಾತಾಡಿದಾಂಗೆ ಆಗ್ತು. ಆನು ಬಸ್ಸಿಗೇ ಹೋಗ್ತೆ” ಎಂದು ಅವಳು ಬೈಕು ಹತ್ತುವುದನ್ನೇ ಬಿಟ್ಟಿದ್ದಾಳೆ. ಹಿಂದಿನ ಸೀಟು ಖಾಲಿಯಾದ ಮೇಲೆ ಭಾವನಿಗೆ ಊಟ ಸೇರುತ್ತಿಲ್ಲ.

ಪ್ಲಗ್ಗು ಉಜ್ಜಿದೆವು. ಗಾಳಿ ಸೋರುತ್ತಿದೆಯೋ ಎಂದು ರಬ್ಬರು ಕೊಳವೆ ತಡಕಿದೆವು. ಭಾವ ಸೀಟಿನ ಮೇಲೆ ಕೂತು, ಕಣ್ಣು ಮುಚ್ಚಿ ಆಲಿಸಿ, ತೀರ್ಪು ಕೊಟ್ಟರು: “ಎಡಗಡೆದು ಸೊರಗಿದ್ದು.” ಎಡಗಡೆಯ ಸ್ಕ್ರೂ ಏರಿಸಿ ಅದರ ಗಾಳಿಬಾಯಿ ಇನ್ನಷ್ಟು ತೆರೆದರು. ಮುಂದಿನ ವಾರವೂ ಅದೇ ತೀರ್ಪು, ಅದೇ ಸ್ಕ್ರೂ. ನಡುಕ ಮಾತ್ರ ಹೆಚ್ಚುತ್ತಲೇ ಹೋಯಿತು.

“ಕಿವಿ ನಂಬಿದ್ದು ಸಾಕು ಭಾವ, ಅಳೆದು ನೋಡನ” ಎಂದೆ. ಎರಡೂ ಕಾರ್ಬುರೇಟರಿಗೆ ಸೇರಿಸಿ ಒಂದು ಪಾರದರ್ಶಕ ಪೈಪು ಇಳಿಬಿಟ್ಟು, ಅದರೊಳಗೆ ಎಂಜಿನ್ ಆಯಿಲ್ ಹಾಕಿದರೆ, ಗಾಳಿಬಾಯಿ ಕಡಿಮೆ ತೆರೆದ ಕಡೆ ಎಳೆತ ಬಿಗಿಯಾಗಿ, ಆಯಿಲು ಅತ್ತ ಏರುತ್ತದೆ. ನಾನು ಆಯಿಲ್ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಭಾವ ಅಡುಗೆಮನೆಯಿಂದ ಪಾಕದಂಥ ಜೋನಿಬೆಲ್ಲ ತಂದು ಸುರಿದಿದ್ದರು! ದಪ್ಪಗಿದೆ, ಬಣ್ಣ ಚೆಂದ ಕಾಣುತ್ತದೆ, ಮನೆಯಲ್ಲೇ ಇದೆ. ಪೇಟೆಯ ಆಯಿಲ್ ಯಾಕೆ ಬೇಕು? ಕಿಕ್ ಹೊಡೆದರು. ಜೋನಿಬೆಲ್ಲ ಬಲಗಡೆಗೆ ಏರಿತು, ಏರಿತು, ಸೀದಾ ಎಂಜಿನ್ನಿನ ಹೊಟ್ಟೆಗೇ ಹೋಯಿತು. ಬೆಲ್ಲ ಸೀದ ವಾಸನೆಗೆ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಇಣುಕಿ, “ತೊಡದೇವು ಮಾಡ್ತಾ ಇದ್ರಾ?” ಎಂದು ಬೆಲ್ಲದ ಸಿಹಿತಿಂಡಿಯ ಆಸೆಯಿಂದ ಕೇಳಿದರು.

ಅದನ್ನೆಲ್ಲ ಬಿಚ್ಚಿ ತೊಳೆಯುವುದರಲ್ಲಿ ನನ್ನ ಇನ್ನೊಂದು ಭಾನುವಾರ ಹಾಳಾಯಿತು. ಆಮೇಲೆ ಭಾವನನ್ನು ದೂರ ನಿಲ್ಲಿಸಿ, ಆಯಿಲ್ ಹಾಕಿ, ಅವರು ಏರಿಸಿಟ್ಟಿದ್ದ ಎಡಗಡೆಯ ಸ್ಕ್ರೂ ಇಳಿಸುತ್ತ ಬಂದೆ. ಪೈಪಿನಲ್ಲಿ ಎರಡೂ ಕಡೆ ಆಯಿಲು ಸಮನಾಗಿ ನಿಂತಿತು. ನಡುಕ ಹೋಯಿತು. ಭಾವ ಹತ್ತಿ ಕೂತು ಕಣ್ಣು ಮುಚ್ಚಿದರು.

“ಎಡಗಡೆದು ಇನ್ನೂ ಸೊರಗಿದ್ದು.”

ನನಗೆ ಸಾಕುಸಾಕಾಗಿತ್ತು. “ಹಾಂಗಾರೆ ಹಿಂದುಮುಂದಾಗಿ ಕೂತ್ಗಳಿ, ಬಲಗಡೆದು ಸೊರಗ್ತು” ಎಂದೆ ಸಿಟ್ಟಿನಿಂದ. ಭಾವನಿಗೆ ಕುಹಕ ಎಲ್ಲಿ ತಿಳಿಯಬೇಕು? ನಿಜಕ್ಕೂ ಹಿಂದಕ್ಕೆ ಮುಖ ಮಾಡಿ ಕೂತು ಮತ್ತೆ ಆಲಿಸಿದರು.

“ಹೌದಲಾ. ಈಗ ಬಲಗಡೆದು ಸೊರಗಿದ್ದು.”

ಅವರ ಕೈ ನಿಧಾನವಾಗಿ ಎಡಗಿವಿಗೆ ಹೋಯಿತು.

“ಬೈಕಿಗೆ ಎಂತೂ ಆಯ್ದಿಲ್ಲೆ” ಎಂದರು. “ಯನ್ನ ಕಿವಿ ಹೋಯ್ದು.”

ಬಾಗಿಲಲ್ಲಿ ನಿಂತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈಕಿನ ಮೇಲೆ ಅವಳು ಯಾವಾಗಲೂ ಎಡಕ್ಕೆ ಕಾಲು ಇಳಿಬಿಟ್ಟು, ಭಾವನ ಎಡಭುಜದ ಹತ್ತಿರ ಮಾತಾಡುವವಳು. ಬಂದು ಗಂಡನನ್ನು ತೋಳು ಹಿಡಿದು ಮುಂದಕ್ಕೆ ತಿರುಗಿಸಿ ಕೂರಿಸಿದಳು. ಸೀರೆ ಸರಿಮಾಡಿಕೊಂಡು ಹಿಂದೆ ಹತ್ತಿದಳು. ಕಷ್ಟಪಟ್ಟು ಬಲಕ್ಕೆ ಬಾಗಿ ಅವರ ಬಲಗಿವಿಯಲ್ಲಿ ಏನೋ ಹೇಳಿದಳು. ಏನೆಂದು ನನಗೆ ಕೇಳಲಿಲ್ಲ. ಭಾವ ಕಣ್ಣೊರೆಸಿಕೊಂಡು ಗೇರ್ ಹಾಕಿದರು.